ಹೆಸರು ಹೇಳದ ಉದಾಹರಣೆ

ನನ್ನ ಚಿಕ್ಕಮ್ಮ ಸೋತ ಚುನಾವಣೆ ಬಹಳ ಚಿಕ್ಕದು. ಪತ್ರಿಕೆಯಲ್ಲಿ ಬರುವಂಥದ್ದಲ್ಲ. ಭದ್ರಾವತಿಯಲ್ಲಿ ಎಂದೋ ಮುಚ್ಚಿಹೋದ ಒಂದು ಎರಕದ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಇದೆ. ಐದು ಸಾಲು ಹೆಂಚಿನ ಮನೆಗಳು, ಮಧ್ಯದಲ್ಲಿ ಒಂದು ಓವರ್‌ಹೆಡ್ ಟ್ಯಾಂಕು. ಕಾರ್ಖಾನೆ ನಿಂತ ಮೇಲೆ ಆ ಮನೆಗಳು ಅಲ್ಲಿ ಇದ್ದವರಿಗೇ ಆದವು. ನೀರು, ಚರಂಡಿ, ಬೀದಿದೀಪ ನೋಡಿಕೊಳ್ಳಲು ನಿವಾಸಿಗಳ ಸಂಘವೊಂದು ಹುಟ್ಟಿಕೊಂಡಿತು. ಆ ಸಂಘದ ಅಧ್ಯಕ್ಷ ಸ್ಥಾನಕ್ಕೆ ಚಿಕ್ಕಮ್ಮ ನಿಂತಿದ್ದಳು. ಅವಳು ಸೋಲುವುದಕ್ಕೆ ಹಲವು ಕಾರಣಗಳಿದ್ದಿರಬಹುದು. ಅವುಗಳಲ್ಲಿ ಒಂದು ನಾನು. ನನ್ನ ಪಾಲು ಎಷ್ಟು ಎಂದು ಅಳೆಯಲು ಬರುವುದಿಲ್ಲ. ಅಳೆಯಲಾಗದ್ದನ್ನು ಹೇಳಬಾರದು ಎಂದು ನನಗೆ ಕಲಿಸಿದ್ದಾರೆ. ಆದರೂ ಹೇಳುತ್ತೇನೆ: ದೊಡ್ಡ ಪಾಲು.

ನಾನು ಓದಿದ್ದು ತಳಿವಿಜ್ಞಾನ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅಮ್ಮ ಮತ್ತು ನಾನು ಆಲ್ಕೊಳದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಚಿಕ್ಕಮ್ಮ ಅಮ್ಮನಿಗಿಂತ ಒಂಬತ್ತು ವರ್ಷ ಚಿಕ್ಕವಳು, ಅವಳ ಹಾಗೆ ಒಂದಿಷ್ಟೂ ಇಲ್ಲ. ಅಮ್ಮ ಅಂಗಡಿಯವನು ತಪ್ಪು ಚಿಲ್ಲರೆ ಕೊಟ್ಟರೆ ಸುಮ್ಮನೆ ತೆಗೆದುಕೊಂಡು ಬರುವವಳು. ಚಿಕ್ಕಮ್ಮ ಬಸ್ಸಿನಲ್ಲಿ ನಿಂತವರ ಪರವಾಗಿ ಕಂಡಕ್ಟರ್ ಜೊತೆ ಜಗಳ ಆಡುವವಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗುತ್ತಿಗೆಯ ಮೇಲೆ ಅನ್ನ ಬೇಯಿಸುತ್ತಿದ್ದಳು. ಅದು ಮುಚ್ಚಿದ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಳು. ತಾತ, ಅಂದರೆ ಅವಳ ಮತ್ತು ಅಮ್ಮನ ಅಪ್ಪ, ಅದೇ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡಿದವರು. ಅವರಿದ್ದ ಮನೆಯಲ್ಲೇ ಅವಳು ಈಗಲೂ ಇದ್ದಾಳೆ. ಅದು ಐದನೆಯ ಸಾಲು. ಎಲ್ಲರೂ ಹಿಂದಿನ ಲೈನು ಎನ್ನುತ್ತಾರೆ.

ಅವಳು ಚುನಾವಣೆಗೆ ನಿಂತದ್ದು ನೀರಿಗಾಗಿ. ಟ್ಯಾಂಕಿನಿಂದ ನೀರು ಬಿಡುವ ನೀರುಗಂಟಿ ಮೊದಲು ಮುಂದಿನ ಎರಡು ಸಾಲಿನ ವಾಲ್ವ್ ತಿರುಗಿಸುತ್ತಿದ್ದ. ಅಲ್ಲಿ ಸಿಂಟೆಕ್ಸ್ ತುಂಬಿ, ಅಂಗಳ ತೊಳೆದು, ಸ್ಕೂಟರ್ ತೊಳೆದು ಆದಮೇಲೆ ಹಿಂದಿನ ಲೈನಿಗೆ ಬರುವ ಹೊತ್ತಿಗೆ ನಲ್ಲಿ ಬರಿ ಗಾಳಿ ಉಗುಳುತ್ತಿತ್ತು. ಯಾವ ವಾಲ್ವ್ ಮೊದಲು ಎಂದು ಹೇಳುವವನು ಅಧ್ಯಕ್ಷ. ಅಧ್ಯಕ್ಷನ ಮನೆ ಮೊದಲ ಸಾಲಿನ ಮೊದಲನೆಯದು. ಅವನಪ್ಪ ಒಂದು ಕಾಲದಲ್ಲಿ ಕಾರ್ಖಾನೆಯ ಯೂನಿಯನ್ ನಾಯಕ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಮಗನನ್ನು ಎಲ್ಲರೂ ಕರೆಯುವುದು ಲೀಡರ್ ಮಗ ಎಂದೇ. ಅವನಿಗೂ ಅದೇ ಇಷ್ಟ.

ಆ ವರ್ಷ ಅವನು ಟ್ಯಾಂಕಿನ ಕೆಳಗೆ ಒಂದು ಫ್ಲೆಕ್ಸ್ ಕಟ್ಟಿಸಿದ. ಒಂದು ಕಡೆ ಅಪ್ಪನ ಕಪ್ಪುಬಿಳುಪು ಫೋಟೋ, ಇನ್ನೊಂದು ಕಡೆ ಅವನದು, ಮಧ್ಯೆ ಕೆಂಪು ಅಕ್ಷರದಲ್ಲಿ: ನಾಯಕತ್ವ ನಮ್ಮ ರಕ್ತದಲ್ಲೇ ಇದೆ. ಚಿಕ್ಕಮ್ಮ ಅದರ ಚಿತ್ರ ಕಳಿಸಿ ಕೂಡಲೇ ಫೋನ್ ಮಾಡಿದಳು.

“ನೋಡಿದ್ಯೇನೇ ಪುಟ್ಟಿ?”

“ನೋಡ್ದೆ ಚಿಕ್ಕಮ್ಮ.”

“ನಿಜವಾ ಅದು? ರಕ್ತದಲ್ಲಿ ಲೀಡರ್‌ಗಿರಿ ಬರುತ್ತಾ?”

“ಹಾಗೆ ಒಂದೇ ಮಾತಲ್ಲಿ ಹೇಳಕ್ಕಾಗಲ್ಲ.”

“ಎಂಎಸ್ಸಿ ಓದಿರೋಳು ನೀನೇ ಹಿಂಗಂದ್ರೆ ನಾವೇನು ಮಾಡೋಣ ಮಾರಾಯ್ತಿ? ಭಾನುವಾರ ಬಾ. ಮಹಿಳಾ ಸಂಘದೋರನ್ನ ಸೇರಿಸ್ತೀನಿ. ಸೈನ್ಸಲ್ಲಿ ಏನಿದೆಯೋ ಅದನ್ನ ಹೇಳು. ಎಲೆಕ್ಷನ್ ಸುದ್ದಿ ಎತ್ಲೇಬೇಡ, ನಂಗೆ ಓಟ್ ಹಾಕಿ ಅಂತಾನೂ ಹೇಳ್ಬೇಡ. ಬರಿ ರಕ್ತದ್ದು ಹೇಳು, ಸಾಕು.”

ಹೋಗುತ್ತೇನೆ ಎಂದೆ. ಆ ವಿಷಯ ನನ್ನ ತಲೆಯಲ್ಲಿ ಆಗಲೇ ಇತ್ತು. ಅದಕ್ಕೆ ಸ್ವಲ್ಪ ದಿನ ಮೊದಲು, ಮೆಂಡೆಲನ ಬಟಾಣಿ ಗಿಡಗಳ ಪಾಠದ ನಡುವೆ, ಹೊಳೆಹೊನ್ನೂರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಮೇಡಂ, ನಮ್ಮನೇಲಿ ಮುತ್ತಜ್ಜನ ಕಾಲದಿಂದ ಎಲ್ಲಾ ಒಂದೇ ಪಾರ್ಟಿಗೆ ಓಟ್ ಹಾಕ್ತಾರೆ. ಇದು ಡಾಮಿನೆಂಟಾ ರಿಸೆಸಿವ್ವಾ?” ಎಂದು ಕೇಳಿದ್ದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ಮನೆಗೆ ಬಂದು ಓದಿದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನೂ ಬೇರೆ ಅವಳಿಗಳನ್ನೂ ಹೋಲಿಸಿ, ರಾಜಕೀಯ ಒಲವುಗಳಲ್ಲಿ ಹುಟ್ಟಿನ ಪಾಲು ಸ್ವಲ್ಪ ಇರಬಹುದು ಎನ್ನುವವರಿದ್ದಾರೆ. ಆ ಹೋಲಿಕೆಯ ವಿಧಾನವೇ ಸರಿಯಿಲ್ಲ ಎನ್ನುವವರೂ ಇದ್ದಾರೆ. ಯಾವ ಪಕ್ಷಕ್ಕೆ ಮತ ಎಂಬುದನ್ನು ಯಾವ ವಂಶವಾಹಿಯೂ ಹೇಳುವುದಿಲ್ಲ. ಆದರೆ ಅಪಾಯ ಕಂಡಾಗ ಎದೆ ಎಷ್ಟು ಹೊಡೆದುಕೊಳ್ಳುತ್ತದೆ, ಹೊಸಬರನ್ನು ಎಷ್ಟು ನಂಬುತ್ತೇವೆ, ಗುಂಪಿನಲ್ಲಿ ಎದ್ದು ನಿಲ್ಲುತ್ತೇವೋ ಗೋಡೆಗೆ ಆತುಕೊಳ್ಳುತ್ತೇವೋ, ಇಂಥ ಸ್ವಭಾವಗಳಲ್ಲಿ ಹುಟ್ಟಿನ ಕೈ ಇರಬಹುದು, ಅದು ಸುತ್ತಿ ಬಳಸಿ ರಾಜಕೀಯಕ್ಕೂ ತಲುಪಬಹುದು. ಅಷ್ಟೇ. ಎಲ್ಲ ಕಡೆಯೂ ‘ಬಹುದು’.

ನಾನು ಆ ಪುಟಗಳನ್ನು ಓದಿದ್ದು ವಿದ್ಯಾರ್ಥಿನಿಗಾಗಿ ಮಾತ್ರವಲ್ಲ ಎಂದು ಈಗ ಒಪ್ಪಿಕೊಳ್ಳಬೇಕು. ನನಗೆ ನನ್ನ ಬಗ್ಗೆ ಒಂದು ಸಿದ್ಧಾಂತ ಬೇಕಿತ್ತು. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರ ಸಭೆ ನಡೆದಾಗ ನಾನು ಬಾಗಿಲ ಪಕ್ಕದ ಕುರ್ಚಿ ಹಿಡಿಯುತ್ತೇನೆ. ಮನವಿಗೆ ಸಹಿ ಹಾಕುವ ಹಾಳೆ ನನ್ನ ಹತ್ತಿರ ಬರುವ ಮೊದಲು ನೀರು ಕುಡಿಯಲು ಎದ್ದುಹೋಗುತ್ತೇನೆ. ಅಮ್ಮನೂ ಹಾಗೆ. ತಾತನೂ ಹಾಗೆ ಎಂದು ಕೇಳಿ ಬೆಳೆದಿದ್ದೆ.

ತಾತನ ಸಂಗತಿ ನಮ್ಮ ಮನೆಯಲ್ಲಿ ಯಾರೂ ಕೂತು ಹೇಳಿದ್ದಲ್ಲ. ಚೂರುಚೂರಾಗಿ ಕಿವಿಗೆ ಬಿದ್ದದ್ದು. ಅಮ್ಮ ಚಿಕ್ಕವಳಿದ್ದಾಗ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಎಲ್ಲರೂ ಗೇಟಿನ ಹೊರಗೆ ಕೂತಿದ್ದರು. ತಾತ ಒಳಗೆ ಹೋದರು. ಆಮೇಲೆ ವರ್ಷಗಟ್ಟಲೆ ಕ್ವಾರ್ಟರ್ಸಿನಲ್ಲಿ ಅವರ ಜೊತೆ ಯಾರೂ ಮಾತಾಡಲಿಲ್ಲ. ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಎದ್ದು ಬೇರೆ ಪಂಕ್ತಿಗೆ ಹೋಗುತ್ತಿದ್ದರು. ಅವರು ಯಾವ ಸಭೆಗೂ ಹೋಗಲಿಲ್ಲ, ಯಾವ ಮೆರವಣಿಗೆಯಲ್ಲೂ ನಡೆಯಲಿಲ್ಲ. ನಾನು ನೋಡುವ ಹೊತ್ತಿಗೆ ಅವರು ಹಿತ್ತಲ ಕಲ್ಲಿನ ಮೇಲೆ ಕೂತು ಚಪ್ಪಲಿಗೆ ಎಣ್ಣೆ ಹಚ್ಚುವ ಮುದುಕ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದರು. ನಾನು ಏನನ್ನೂ ಕೇಳಲಿಲ್ಲ. ತಾತ, ಅಮ್ಮ, ನಾನು: ಮೂರು ತಲೆಮಾರಿನ ಗೆರೆಯೊಂದನ್ನು ಎಳೆದುಕೊಂಡು, ಇದು ನಮಗೆ ಹುಟ್ಟಿನಿಂದ ಬಂದದ್ದು ಎಂದು ತೀರ್ಮಾನಿಸಿಕೊಂಡಿದ್ದೆ. ಚಿಕ್ಕಮ್ಮ ಆ ಗೆರೆಯ ಮೇಲೆ ಕೂರುತ್ತಿರಲಿಲ್ಲ. ಅವಳನ್ನು ಬಿಟ್ಟುಬಿಟ್ಟಿದ್ದೆ. ಪ್ರಯೋಗಾಲಯದಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನು ಅಂಕ ಕಳೆಯುತ್ತೇನೆ.

ಭಾನುವಾರ ಹಳೆಯ ಕ್ಯಾಂಟೀನ್ ಹಾಲಿನಲ್ಲಿ ಹೆಂಗಸರು ಸೇರಿದ್ದರು. ಕೆಲವರು ಗಂಡಸರೂ ಹಿಂದೆ ನಿಂತಿದ್ದರು, ಅಧ್ಯಕ್ಷನ ಕಡೆಯವರೂ ಇದ್ದರು. ಚಿಕ್ಕಮ್ಮ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು ನನ್ನನ್ನು ಪರಿಚಯಿಸಿದಳು. “ಇವ್ಳು ನಮ್ಮಕ್ಕನ ಮಗಳು. ಗೋಲ್ಡ್ ಮೆಡಲ್ ಒಂದು ಬಂದಿಲ್ಲ ಅಷ್ಟೇ, ಉಳಿದಿದ್ದೆಲ್ಲಾ ಬಂದಿದೆ” ಎಂದಳು. ಜನ ನಕ್ಕರು.

ಇಪ್ಪತ್ತೈದು ನಿಮಿಷ ಮಾತಾಡಿದೆ. ಚಿಕ್ಕಮ್ಮನಿಗೆ ಬೇಕಿದ್ದದ್ದು ಒಂದೇ ಮಾತು: ರಕ್ತದಲ್ಲಿ ನಾಯಕತ್ವ ಬರುವುದಿಲ್ಲ. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ನಾನು ಬಹುಮಟ್ಟಿಗೆ ನಿಜವಾದದ್ದನ್ನು ಹೇಳುವವಳಲ್ಲ. “ಸಂಪೂರ್ಣ ಸುಳ್ಳು ಎಂದು ಹೇಳಲಾಗದು” ಎಂದು ಶುರುಮಾಡಿದೆ. ಅವಳಿಗಳ ವಿಷಯ ಹೇಳಿದೆ. ಸ್ವಭಾವದ ವಿಷಯ ಹೇಳಿದೆ. ಮುಂದಿನ ಸಾಲಿನಲ್ಲಿ ಒಬ್ಬಳು ಆಕಳಿಸಿದಳು. ನನಗೆ ಉದಾಹರಣೆ ಬೇಕೆನಿಸಿತು.

“ನನಗೆ ಗೊತ್ತಿರುವ ಒಂದು ಕುಟುಂಬವಿದೆ. ಹೆಸರು ಬೇಡ. ಅಜ್ಜ ಒಬ್ಬರು ಕಾರ್ಮಿಕರಾಗಿದ್ದರು. ಎಲ್ಲರೂ ಹೋರಾಟಕ್ಕೆ ಕೂತಾಗ ಅವರಿಗೆ ಕೂರಲು ಧೈರ್ಯ ಬರಲಿಲ್ಲ. ಅವರ ಮಗಳು ಕೂಡ ಯಾರೆದುರೂ ದನಿ ಎತ್ತುವವರಲ್ಲ. ಮೊಮ್ಮಗಳೂ ಅಷ್ಟೇ. ಓದು, ಊರು, ಕಾಲ ಎಲ್ಲ ಬದಲಾದರೂ ಭಯ ಬದಲಾಗಿಲ್ಲ. ಇಂಥ ಕಡೆ ಅಂಜಿಕೆಯ ಸ್ವಭಾವ ವಂಶದಲ್ಲೇ ಹರಿದು ಬಂದಿರಬಹುದು.”

ನಂತರ, ಒಬ್ಬ ವ್ಯಕ್ತಿಯ ಬಗ್ಗೆ ಇದರಿಂದ ಏನನ್ನೂ ಹೇಳಲಾಗದು, ಬೆಳೆದ ವಾತಾವರಣದ ಪಾಲೇ ಹೆಚ್ಚು ಎಂದೂ ಸೇರಿಸಿದೆ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ಆಮೇಲೆ ತಿಳಿಯಿತು. ಹಾಲ್ ನಿಶ್ಶಬ್ದವಾಗಿತ್ತು. ಮೊದಲ ಬಾರಿಗೆ ಜನ ಗಮನವಿಟ್ಟು ಕೇಳುತ್ತಿದ್ದಾರೆ ಎಂದುಕೊಂಡೆ.

ಹೆಸರು ಬೇಡ ಎಂದರೆ ಮುಗಿಯಿತು ಎಂದು ನಾನು ನಂಬಿದ್ದೆ. ವಿಶ್ವವಿದ್ಯಾಲಯದಲ್ಲಿ ಹಾಗೇ ಕಲಿತದ್ದು. ಹೆಸರು ತೆಗೆದು ಒಂದು ಸಂಖ್ಯೆ ಕೊಟ್ಟರೆ ಮನುಷ್ಯ ಸುರಕ್ಷಿತ. ಆದರೆ ಆ ಹಾಲಿನಲ್ಲಿ ಕೂತಿದ್ದವರಲ್ಲಿ ಅರ್ಧಕ್ಕೆ ಹೆಚ್ಚು ಜನ ಆ ಮುಷ್ಕರದಲ್ಲಿ ಗೇಟಿನ ಹೊರಗೆ ಕೂತವರ ಹೆಂಡತಿಯರು, ಸೊಸೆಯರು, ಮಕ್ಕಳು. ಒಳಗೆ ಹೋದ ಕಾರ್ಮಿಕ ಎಂದರೆ ಅಲ್ಲಿ ಇನ್ನೊಂದು ಹೆಸರು ಬೇಕಿಲ್ಲ. ಈ ಬರಹದಲ್ಲೂ ನಾನು ಯಾರ ಹೆಸರನ್ನೂ ಬರೆದಿಲ್ಲ. ಅದರಿಂದ ಯಾರಿಗೆ ಎಷ್ಟು ಮರೆ ಸಿಗುತ್ತದೆ ಎಂದು ಈಗ ಗೊತ್ತಿದೆ.

ಚಿಕ್ಕಮ್ಮ ಬಾಗಿಲ ಬಳಿ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ನಾನು ಮುಗಿಸಿದ ಮೇಲೆ ಎಲ್ಲರಿಗೂ ಕೊಟ್ಟಳು, ನನಗೂ ಕೊಟ್ಟಳು. ಪಕ್ಕದ ಮನೆಯ ತಮಿಳಿನಾಕೆ ಲೋಟ ಮುಟ್ಟದೆ ನನ್ನ ಮುಖ ನೋಡಿ, “ಎನ್ನಮ್ಮಾ ನೀನು? ಓದಿದ ಪೊಣ್ಣು, ಇಲ್ಲಿ ಬಂದು ಇದನ್ನಾ ಹೇಳೋದು?” ಎಂದಳು. ಚಿಕ್ಕಮ್ಮ, “ಬಿಡಕ್ಕಾ, ಅವ್ಳು ಪಾಠ ಮಾಡಿದ್ದು” ಎಂದು ಅವಳನ್ನು ಸುಮ್ಮನಾಗಿಸಿದಳು. ನಾನು ಆಲ್ಕೊಳಕ್ಕೆ ಬಂದು ಅಮ್ಮನಿಗೆ, ಚೆನ್ನಾಗಿ ಆಯಿತು ಎಂದೆ.

ಎರಡು ದಿನದಲ್ಲಿ ವಿಡಿಯೋ ಬಂತು. ನಲವತ್ತು ಸೆಕೆಂಡಿನದು. ಕುಟುಂಬವಿದೆ ಎಂಬಲ್ಲಿಂದ ಶುರುವಾಗಿ ಹರಿದು ಬಂದಿರಬಹುದು ಎಂಬಲ್ಲಿಗೆ ನಿಲ್ಲುತ್ತಿತ್ತು. ಕೆಳಗೆ ಯಾರೋ ಬರೆದಿದ್ದರು: ಸ್ವಂತ ಮನೆಯವರೇ ಹೇಳಿದ್ದಾರೆ, ವಿಜ್ಞಾನವೇ ಹೇಳಿದೆ. ಕ್ವಾರ್ಟರ್ಸಿನ ವಾಟ್ಸಾಪ್ ಗುಂಪಿನಲ್ಲಿ ಅದು ಸುತ್ತಿತು. ಚಿಕ್ಕಮ್ಮನ ಮಗಳನ್ನು ಆಯನೂರಿಗೆ ಕೊಟ್ಟಿದೆ; ಅಲ್ಲಿನ ಬೀಗರ ಮನೆಗೂ ಹೋಯಿತು. ಅಧ್ಯಕ್ಷ ಎಲ್ಲಿಯೂ ಚಿಕ್ಕಮ್ಮನನ್ನು ಬೈಯಲಿಲ್ಲ. ಮನೆಮನೆಗೆ ಹೋಗಿ ಕೈಮುಗಿದು, “ಪಾಪ, ಅವ್ರ ಬಗ್ಗೆ ನಂಗೆ ಗೌರವ ಇದೆ. ಅವ್ರದ್ದೇನೂ ತಪ್ಪಿಲ್ಲ, ಹುಟ್ಟಿನಿಂದ ಬಂದಿದ್ದು. ಆದ್ರೆ ನಾಳೆ ನಗರಸಭೆಯೋರ ಮುಂದೆ ಹೋಗಿ ನಿಂತ್ಕೋಬೇಕಾದಾಗ ಒಳಗಡೆ ಹೋಗ್ಬಿಟ್ರೆ?” ಎಂದು ಕೇಳುತ್ತಿದ್ದನಂತೆ. ಒಳಗಡೆ ಎಂಬಲ್ಲಿ ಸ್ವಲ್ಪ ನಿಲ್ಲಿಸುತ್ತಿದ್ದನಂತೆ.

ಅದು ಕತ್ತರಿಸಿದ ವಿಡಿಯೋ ಎಂದು ನಾನು ಸಿಕ್ಕವರಿಗೆಲ್ಲ ಹೇಳಿದೆ. ಅದು ನಿಜ. ಆದರೆ ಪೂರ್ತಿ ಇಪ್ಪತ್ತೈದು ನಿಮಿಷ ಹಾಕಿದ್ದರೂ ಆ ನಲವತ್ತು ಸೆಕೆಂಡು ಅದರೊಳಗೆ ಇದ್ದೇ ಇರುತ್ತಿತ್ತು. ಅದನ್ನು ಯಾರೂ ನನ್ನ ಬಾಯಿಗೆ ತುರುಕಿರಲಿಲ್ಲ.

ಚಿಕ್ಕಮ್ಮ ಫೋನ್ ಮಾಡಿದಳು. ಬೈಯುತ್ತಾಳೆ ಎಂದು ಕಾದೆ. ಅವಳು ಕೆಲಸದ ಮಾತು ಆಡಿದಳು.

“ಮುಂದಿನ ಭಾನುವಾರ ಸರ್ವಸದಸ್ಯರ ಸಭೆ. ನಿಂತೋರು ಐದೈದು ನಿಮಿಷ ಮಾತಾಡಿ, ಆಮೇಲೆ ಚೀಟಿ ಹಾಕೋದು. ನನ್ನ ಐದು ನಿಮಿಷದಲ್ಲಿ ಒಂದು ನಿಮಿಷ ನಿಂಗೆ ಕೊಡ್ತೀನಿ. ಬಂದು ಹೇಳು.”

“ಏನು ಹೇಳ್ಲಿ?”

“ಲೀಡರ್‌ಗಿರಿ ರಕ್ತದಲ್ಲಿ ಬರಲ್ಲ, ಹೆದರಿಕೇನೂ ರಕ್ತದಲ್ಲಿ ಬರಲ್ಲ ಅಂತ.”

“ಹೆದರಿಕೆ ಬಗ್ಗೆ ಹಾಗೆ ಖಡಾಖಂಡಿತ ಹೇಳಕ್ಕೆ ಬರಲ್ಲ ಚಿಕ್ಕಮ್ಮ. ಸ್ವಲ್ಪ ಮಟ್ಟಿಗೆ...”

“ಸರಿ, ಅದು ಬೇಡ. ನಮ್ಮಪ್ಪನ ವಿಷ್ಯ ಗೊತ್ತಿಲ್ಲದೆ ಹೇಳ್ದೆ ಅಂತ ಹೇಳು. ಅದಂತೂ ನಿಜ ತಾನೇ?”

ನನಗೆ ಗೊತ್ತಿಲ್ಲದ್ದು ಏನಿದೆ ಎಂದು ಆಗಲೂ ಕೇಳಲಿಲ್ಲ. ಬರೆದುಕೊಂಡು ಬರುತ್ತೇನೆ ಎಂದೆ. ನಾಲ್ಕು ದಿನ ಕೂತು ಎರಡು ಪುಟದ ಸ್ಪಷ್ಟೀಕರಣ ತಯಾರಿಸಿದೆ. ಪ್ರತಿ ವಾಕ್ಯವೂ ನಿಲ್ಲುವಂತಿತ್ತು. ಜನಸಮೂಹದ ಸರಾಸರಿಗೂ ಒಬ್ಬ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಒಂದು ಪೂರ್ತಿ ಪ್ಯಾರಾ ಇತ್ತು. ಅಮ್ಮನಿಗೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿ, “ಇದರಲ್ಲಿ ಅಪ್ಪ ಎಲ್ಲಿದ್ದಾರೆ?” ಎಂದಳು. ತಾತನ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಖಾಸಗಿ ವಿಷಯ ಎಂದು ಬಿಟ್ಟಿದ್ದೆ.

“ಅಮ್ಮ, ತಾತ ಯಾಕೆ ಒಳಗೆ ಹೋದ್ರು?” ಎಂದು ಆಗ ಕೇಳಿದೆ.

“ಹೋದ್ರು. ನಾನು ಚಿಕ್ಕೋಳು. ನಿನ್ನ ಚಿಕ್ಕಮ್ಮನಿಗೆ ಹೇಳಿದಾರೇನೋ, ಕೊನೇಲಿ ಅವ್ರನ್ನ ನೋಡ್ಕೊಂಡಿದ್ದು ಅವ್ಳು” ಎಂದು ಒಳಗೆ ಹೋದಳು.

ಸಭೆಗೆ ಬಸ್ಸಿನಲ್ಲಿ ಹೋಗುವಾಗ ಎರಡು ಪುಟವನ್ನು ಕಂಠಪಾಠ ಮಾಡಿದೆ. ಟ್ಯಾಂಕಿನ ಕೆಳಗೆ ಶಾಮಿಯಾನ ಹಾಕಿದ್ದರು. ಫ್ಲೆಕ್ಸ್ ಇನ್ನೂ ಅಲ್ಲೇ ಇತ್ತು. ಹಿಂದಿನ ಲೈನಿನವರು ಒಂದು ಕಡೆ, ಮುಂದಿನ ಸಾಲುಗಳವರು ಒಂದು ಕಡೆ ಕೂತಿದ್ದರು. ಯಾರೂ ಹಾಗೆ ಕೂರಿ ಎಂದಿರಲಿಲ್ಲ. ಅಧ್ಯಕ್ಷ ತನ್ನ ಐದು ನಿಮಿಷವನ್ನು ಅಪ್ಪನ ಹೋರಾಟದ ಕಥೆಗೆ ಕೊಟ್ಟ. ಚೆನ್ನಾಗಿ ಹೇಳಿದ. ಗೇಟಿನ ಮುಂದಿನ ಬಿಸಿಲು, ಗಂಜಿಯ ಕೊಪ್ಪರಿಗೆ, ಲಾಠಿ. ವಯಸ್ಸಾದವರ ಕಣ್ಣು ತುಂಬಿತು.

ಚಿಕ್ಕಮ್ಮ ಮೈಕ್ ಹಿಡಿದು, “ನಾನು ಮಾತಾಡೋ ಮೊದ್ಲು ನಮ್ಮ ಹುಡುಗಿ ಎರಡು ಮಾತು ಹೇಳ್ತಾಳೆ” ಎಂದು ನನ್ನ ಕೈಗೆ ಕೊಟ್ಟಳು. ಮೈಕಿನ ಹಿಡಿ ಬೆಚ್ಚಗಿತ್ತು. ಮೊದಲ ವಾಕ್ಯ ನನಗೆ ನೆನಪಿತ್ತು. ಎರಡನೆಯದೂ ನೆನಪಿತ್ತು. ಮರೆತಿದ್ದರಿಂದ ನಿಂತೆ ಎಂದು ಹೇಳಿಕೊಳ್ಳಲು ಬರುವುದಿಲ್ಲ. ಎದುರಿಗೆ ಅಷ್ಟು ಮುಖಗಳಿದ್ದವು, ನಾನು ಏನು ಹೇಳಿದರೂ ಅದು ತಪ್ಪಾಗಿ ಉಳಿಯುತ್ತದೆ ಎಂದು ಅನಿಸಿತು. ಕೊನೆಗೆ, “ನಾನು ಬರೆದುಕೊಂಡು ಬಂದಿದೀನಿ. ಅದನ್ನೇ ಕೊಡ್ತೀನಿ, ಓದಿ” ಎಂದೆ.

ಮುಂದಿನ ಸಾಲಿನವರ ಕಡೆಯಿಂದ ಒಬ್ಬ ಕೂಗಿದ, “ನೋಡ್ರಪ್ಪಾ, ಪ್ರೂಫು! ಲ್ಯಾಬೇ ಬೇಡ!”

ನಗು ಎದ್ದಿತು. ಹಿಂದಿನ ಲೈನಿನವರೂ ನಕ್ಕರು, ನಾನು ನೋಡಿದೆ. ಚಿಕ್ಕಮ್ಮ ನನ್ನ ಕೈಯಿಂದ ಮೈಕ್ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು. ನೀರಿನ ಬಗ್ಗೆ ಅವಳು ಸಿದ್ಧಮಾಡಿಕೊಂಡಿದ್ದ ಮಾತುಗಳೆಲ್ಲ ಪಕ್ಕಕ್ಕೆ ಹೋದವು. ಅವಳ ಐದು ನಿಮಿಷ ತಾತನಿಗೆ ಹೋಯಿತು.

“ನಮ್ಮಪ್ಪ ಒಳಗಡೆ ಹೋಗಿದ್ದು ಹೌದು. ಕುಲುಮೆ ಪೂರ್ತಿ ಆರಿಬಿಟ್ರೆ ಒಳಗಿನ ಕಬ್ಬಿಣ ಗಟ್ಟಿಯಾಗುತ್ತೆ, ಆಮೇಲೆ ಅದನ್ನ ಒಡೆದೇ ತೆಗೀಬೇಕು. ಸ್ಟ್ರೈಕು ಮುಗಿದ ಮೇಲೆ ಕೆಲಸಕ್ಕೆ ಕುಲುಮೇನೇ ಇರಲ್ಲ. ಅದಕ್ಕೆ ಯಾರಾದ್ರೂ ಒಬ್ಬ ಒಳಗಿದ್ದು ಬೆಂಕಿ ಕಾಯ್ಬೇಕಿತ್ತು. ಹೋಗು ಅಂತ ಕಳ್ಸಿದ್ದು ಯಾರು? ಯೂನಿಯನ್ನೇ. ಇವ್ರ ತಂದೆಯವ್ರೇ. ಆಮೇಲೆ ಜನ ಅಪ್ಪನ್ನ ಬಾಯಿಗೆ ಬಂದಂಗೆ ಅಂದಾಗ, ನಾನೇ ಕಳ್ಸಿದ್ದು ಅಂತ ಅವ್ರು ಒಂದು ಮಾತು ಹೇಳ್ಲಿಲ್ಲ. ಯೂನಿಯನ್ನೇ ಒಬ್ಬನ್ನ ಒಳಗೆ ಬಿಟ್ಟಿದೆ ಅಂತ ಗೊತ್ತಾದ್ರೆ ಉಳಿದೋರೂ ನುಗ್ತಾರೆ, ಸ್ಟ್ರೈಕು ಮುರಿದು ಹೋಗುತ್ತೆ ಅಂತ ಅಪ್ಪನೂ ಬಾಯಿ ಬಿಡ್ಲಿಲ್ಲ. ಆಮೇಲೆ ಬಿಡೋಕೆ ಅರ್ಥ ಇರ್ಲಿಲ್ಲ.”

ಆ ಮಾತನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಲ್ಲಿ, ಎಲ್ಲರ ಜೊತೆ, ಪ್ಲಾಸ್ಟಿಕ್ ಕುರ್ಚಿಯ ಪಕ್ಕದಲ್ಲಿ ನಿಂತು.

ಅಧ್ಯಕ್ಷ ಎದ್ದು ಕೈಮುಗಿದ. “ತೀರಿಕೊಂಡೋರ ಮೇಲೆ ಹೇಳ್ಬೇಡಿ ಅಕ್ಕಾ. ಇಷ್ಟು ವರ್ಷ ಇಲ್ಲದ್ದು ಚೀಟಿ ಹಾಕೋ ದಿನ ನೆನಪಾಯ್ತಾ? ನಿಮ್ಮನೆ ಮೇಡಮ್ಮೇ ಹೇಳಿದಾರಲ್ಲ, ಧೈರ್ಯ ಇರ್ಲಿಲ್ಲ ಅಂತ. ಅವ್ರಿಗೇ ಗೊತ್ತಿಲ್ವಾ?”

ಜನ ನನ್ನ ಕಡೆ ತಿರುಗಿದರು. ಆಗಲಾದರೂ ನಾನು ಹೇಳಬಹುದಿತ್ತು. ಇಲ್ಲ, ನನಗೆ ಗೊತ್ತಿರಲಿಲ್ಲ. ಮೂರೇ ಪದ. ಅದಕ್ಕೆ ಯಾವ ಅಧ್ಯಯನವೂ ಬೇಕಿರಲಿಲ್ಲ, ಯಾವ ಮಿತಿಯನ್ನೂ ವಿವರಿಸಬೇಕಿರಲಿಲ್ಲ. ನಾನು ನನ್ನ ಹಾಳೆಗಳನ್ನು ನೋಡುತ್ತಾ ನಿಂತೆ.

ಚೀಟಿ ಹಾಕಿದರು. ಸಂಜೆಯ ಹೊತ್ತಿಗೆ ಎಣಿಕೆ ಮುಗಿಯಿತು. ಚಿಕ್ಕಮ್ಮನಿಗೆ ಬಿದ್ದ ಚೀಟಿಗಳು ಹಿಂದಿನ ಲೈನಿನ ಮತಗಳ ಲೆಕ್ಕಕ್ಕಿಂತಲೂ ಕಡಿಮೆ ಇದ್ದವು. ಅವಳಿಗೆ ನೋವಾದದ್ದು ಅದು. ಸೋತದ್ದಕ್ಕಿಂತ ಹೆಚ್ಚಾಗಿ ಅದು.

ಮನೆಯ ಜಗಲಿಯಲ್ಲಿ ಅವಳು ಕಾಲು ಚಾಚಿ ಕೂತಳು. ತಮಿಳಿನಾಕೆ ಬಂದು ಒಂದು ಬಿಂದಿಗೆ ನೀರು ಒಳಗಿಟ್ಟು, ನನ್ನ ಕಡೆ ನೋಡದೆ ಹೋದಳು. ನಾನು ಮಾತು ಹುಡುಕಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಹುಡುಕಿದ ಮಾತು ಕ್ಷಮೆಯದ್ದಾಗಿರಲಿಲ್ಲ.

“ಚಿಕ್ಕಮ್ಮ, ನಂಗೆ ಗುಂಪಿನ ಮುಂದೆ ಆಗಲ್ಲ. ಹುಟ್ಟಿದಾಗಿಂದ ಹಾಗೇ. ಅಮ್ಮನ್ನ ನೋಡು. ಅದು ನಮ್ಮ ಕೈಲಿ...”

“ಸುಮ್ನಿರು” ಎಂದಳು. ದನಿ ಎತ್ತಲಿಲ್ಲ. “ನಂಗೂ ಕಾಲು ನಡುಗ್ತಾ ಇತ್ತು. ಇವತ್ತೂ ಆ ನೀಲಿ ಸೀರೇನೇ ಉಟ್ಟಿದ್ದು ಯಾಕೆ ಗೊತ್ತಾ, ಬೆವರಿದ್ರೆ ಕಾಣಲ್ಲ ಅಂತ. ನಾನು ಕ್ಯಾಂಟೀನಲ್ಲಿ ಮೊದಲ್ನೇ ಸಲ ಮ್ಯಾನೇಜರ್ ಮುಂದೆ ಮಾತಾಡಿ ಬಂದು ವಾಂತಿ ಮಾಡ್ಕೊಂಡಿದ್ದೆ. ನಿಂಗೆ ಹೆದರಿಕೆ ಆಯ್ತು ಅನ್ನು. ಒಪ್ಕೋತೀನಿ. ಅದನ್ನ ನಮ್ಮಪ್ಪನ ತಲೆ ಮೇಲೆ ಹಾಕ್ಬೇಡ.”

“ತಾತನ ವಿಷ್ಯ ನೀನು ಮೊದ್ಲೇ ನಂಗೆ ಹೇಳಿದ್ರೆ...”

“ನೀನು ಕೇಳಿದ್ಯಾ? ಅವ್ರು ಬದುಕಿದ್ದಾಗ ಎಷ್ಟು ರಜಕ್ಕೆ ಬಂದು ಇಲ್ಲಿ ಕೂತಿಲ್ಲ ನೀನು. ಕೇಳ್ದೇನೇ ಜೀನು ಅಂದೆ.”

ನನ್ನ ಗೆರೆಯ ಮೊದಲ ಬಿಂದುವೇ ಸುಳ್ಳಾಗಿತ್ತು. ಕಾರ್ಖಾನೆಯೊಳಗೆ ಬೆಂಕಿಯ ಮುಂದೆ ಒಬ್ಬರೇ ಕೂತು, ಹೊರಗೆ ತಮ್ಮನ್ನೇ ಬೈಯುವ ದನಿಗಳನ್ನು ಕೇಳುತ್ತಾ, ಆ ಬೈಯುವವರ ನಾಳೆಯ ಕೆಲಸವನ್ನು ಕಾಯ್ದವರನ್ನು ನಾನು ಅಂಜುಬುರುಕ ಎಂದು ದಾಖಲಿಸಿದ್ದೆ. ಅವರಿಗೆ ನಿಜವಾಗಿ ಭಯವಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಮ್ಮನ ಮೌನ ಕೂಡ ಹುಟ್ಟಿನದ್ದೇ ಎಂದು ಹೇಳುವ ಹಕ್ಕು ನನಗಿಲ್ಲ. ಅಪ್ಪನ ಪಕ್ಕದ ಎಲೆ ಖಾಲಿಯಾಗುವುದನ್ನು ನೋಡಿ ಬೆಳೆದ ಹುಡುಗಿ ಸುಮ್ಮನಿರುವುದನ್ನು ಕಲಿತಿರಬಹುದು. ಕಲಿತದ್ದು ಯಾವುದು, ಹುಟ್ಟಿನಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದೇ ನಾನು ಓದಿದ ವಿದ್ಯೆ. ನನ್ನ ಮನೆಯಲ್ಲಿ ಅದನ್ನು ಮಾಡಲು ನನಗೆ ಬರಲಿಲ್ಲ. ಮಾಡಲು ಮನಸ್ಸಿರಲಿಲ್ಲ ಎಂಬುದು ಹೆಚ್ಚು ಸರಿ. ಹುಟ್ಟಿನಿಂದ ಬಂದದ್ದು ಎಂದರೆ ಸಹಿ ಹಾಳೆ ಬರುವ ಮೊದಲು ಎದ್ದುಹೋದದ್ದಕ್ಕೆ ಯಾರೂ ನನ್ನನ್ನು ಕೇಳುವಂತಿಲ್ಲವಲ್ಲ.

ಆ ವಿದ್ಯಾರ್ಥಿನಿ ಈಗ ಅಂತಿಮ ವರ್ಷದಲ್ಲಿದ್ದಾಳೆ. ಮತ್ತೊಮ್ಮೆ ಅದೇ ಪ್ರಶ್ನೆ ಎತ್ತಿದಳು. ಪಠ್ಯದಲ್ಲಿಲ್ಲ ಎಂದು ಹೇಳಿ ಬೋರ್ಡಿನ ಕಡೆ ತಿರುಗಿದೆ. ಅದೂ ತಪ್ಪು ಉತ್ತರವೇ.

ಚುನಾವಣೆಯಾಗಿ ಮೂರು ವಾರದ ಮೇಲೆ ಚಿಕ್ಕಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಹಿಂದಿನ ಲೈನಿನ ಏಳೆಂಟು ಹೆಂಗಸರು ಕೂತಿದ್ದರು. ನಗರಸಭೆಗೆ ನೀರಿಗಾಗಿ ಅರ್ಜಿ ಕೊಡುವುದೆಂದು ತೀರ್ಮಾನಿಸಿದ್ದರು. ಸಂಘದ ಮೂಲಕವಲ್ಲ, ತಾವೇ. ತಮಿಳಿನಾಕೆಯ ಸೊಸೆ, ಹತ್ತನೇ ಕ್ಲಾಸು ಓದಿದವಳು, ರೂಲ್ಡ್ ಹಾಳೆಯ ಮೇಲೆ ಬಗ್ಗಿ ಬರೆಯುತ್ತಿದ್ದಳು. ಹೆಂಗಸರು ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು, ಅವಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಹತ್ತು ದಿನದಿಂದ ಒಂದು ಹನಿ ನೀರೂ ಬಂದಿಲ್ಲ ಎಂದು ಬರೆದಳು. ಹಿಂದಿನ ದಿನ ಬೆಳಿಗ್ಗೆ ಅರ್ಧ ಗಂಟೆ ನೀರು ಬಂದಿತ್ತು ಎಂದು ನಾನು ಬಂದಾಗ ಚಿಕ್ಕಮ್ಮನೇ ಹೇಳಿದ್ದಳು.

“ನಾನು ಬರೆದು ಕೊಡ್ಲಾ ಚಿಕ್ಕಮ್ಮ?” ಎಂದೆ.

ಅವಳು ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

“ಬೇಡ ಮಾರಾಯ್ತಿ. ನೀನು ಬರೆದ್ರೆ ಎಲ್ಲಾ ಸರಿಯಾಗಿರುತ್ತೆ” ಎಂದಳು. “ನಮಗೆ ನೀರು ಬೇಕು.”

ಹೆಂಗಸರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಹಾಳೆ ಜಗಲಿಯ ಈ ತುದಿಯಿಂದ ಆ ತುದಿಗೆ ಹೋಯಿತು. ನಾನು ಆ ಲೈನಿನವಳಲ್ಲವಾದ್ದರಿಂದ ಅದು ನನ್ನ ಕೈಗೆ ಬರುವ ಪ್ರಶ್ನೆಯೇ ಇರಲಿಲ್ಲ.